31 ಇಂಚಿನ ಟೈರ್ ಹಾಕಿಸಿದ ಮೇಲೆ ಜೀಪು ಎಳೆಯುತ್ತಿಲ್ಲ ಅಂದವರಿಗೆ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ನಿಮ್ಮ ಮಹೀಂದ್ರ ಎಂಎಂ540 ಜೀಪಿಗೆ ಇದ್ದ 215/75 ಆರ್15 ಟೈರ್ ತೆಗೆದು 31-10.5 ಆರ್15 (31 ಇಂಚು ಎತ್ತರ, 10.5 ಇಂಚು ಅಗಲ) ಹಾಕಿಸಿದ್ದೀರಿ. ಈಗ ಚಾರ್ಮಾಡಿ ಏರಿನಲ್ಲಿ ಮೂರನೇ ಗೇರಲ್ಲಿ ಗಾಡಿ ಎಳೆಯುತ್ತಿಲ್ಲ, ಮೈಲೇಜ್ 13ರಿಂದ 10.5ಕ್ಕೆ ಬಂದಿದೆ, ಇಂಜಿನ್‌ಗೆ ಡೀಸೆಲ್ ಕೊಡುವ ಪಂಪ್‌ನಲ್ಲಿ ಡೀಸೆಲ್ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ. ಪಂಪ್‌ನ ಸೀಲ್ ಮುಟ್ಟಲು ಬಿಡಬೇಡಿ. ನಾನು ಇದೇ ದಾರಿಯಲ್ಲಿ ಹೋಗಿ ಬಂದವನು. ಕಪ್ಪು ಹೊಗೆ ಜಾಸ್ತಿ ಆಗುತ್ತೆ, ಇಂಜಿನ್ ಬಿಸಿ ಜಾಸ್ತಿ ಆಗುತ್ತೆ, ಎಳೆತ ಮಾತ್ರ ಬರಲ್ಲ. ತೊಂದರೆ ಇರುವುದು ಇಂಜಿನ್‌ನಲ್ಲಿ ಅಲ್ಲ, ಹೌಸಿಂಗ್‌ನಲ್ಲಿ, ಅಂದರೆ ಎರಡು ಚಕ್ರಗಳ ಮಧ್ಯೆ ಇರುವ ಆಕ್ಸಲ್ ಪೆಟ್ಟಿಗೆಯ ಗೇರ್‌ನಲ್ಲಿ.

ಲೆಕ್ಕ ನೋಡಿ. 215/75 ಆರ್15 ಟೈರಿನ ಎತ್ತರ ಸುಮಾರು 703 ಮಿ.ಮೀ. 31 ಇಂಚು ಅಂದರೆ 787. ಹತ್ತಿರ ಹತ್ತಿರ ಶೇ 12 ಜಾಸ್ತಿ. ಹೌಸಿಂಗ್ ಒಳಗಿನ ಹಲ್ಲಿನ ಜೋಡಿಗೆ ಕ್ರೌನ್ ಪಿನಿಯನ್ ಅಂತಾರೆ. ಚಕ್ರ ಒಂದು ಸುತ್ತಲು ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದೇ ಅದರ ರೇಶಿಯೋ. ನಿಮ್ಮದು 4.88 ಅಂತ ಇಟ್ಟುಕೊಂಡರೆ, ಈ ಟೈರ್ ಹಾಕಿದ ದಿನದಿಂದ ಅದು 4.36 ಇದ್ದ ಹಾಗೆ ನಡೆಯುತ್ತದೆ. ಒಂದರಿಂದ ಟಾಪ್‌ವರೆಗೆ ಎಲ್ಲಾ ಗೇರ್‌ಗೂ ಇದೇ ಹೊಡೆತ, ಫೋರ್ ವೀಲ್‌ನ ನಿಧಾನ ಗೇರಾದ ಲೋ ರೇಂಜಿಗೂ ಅಷ್ಟೇ. ಮೊದಲು ಟಾಪ್ ಗೇರಲ್ಲಿ ಗಂಟೆಗೆ 60 ಕಿ.ಮೀ.ಗೆ ಇಂಜಿನ್ ನಿಮಿಷಕ್ಕೆ 2200 ಸುತ್ತುತ್ತಿತ್ತು, ಈಗ 1970. ಹೈವೇಯಲ್ಲಿ ಖಾಲಿ ಗಾಡಿಗೆ ಇದು ಒಳ್ಳೆಯದೇ ಅನಿಸಬಹುದು. ಆದರೆ ನಿಮ್ಮದು 60 ಎಚ್‌ಪಿ ಆಸುಪಾಸಿನ ಹಳೆಯ ಡೀಸೆಲ್. 2000ದ ಕೆಳಗೆ ಏರು ಎಳೆಸಿದರೆ ಉಸಿರು ಕಟ್ಟುತ್ತೆ. ಆಗ ನೀವು ಎರಡನೇ ಗೇರಿಗೆ ಇಳಿಸುತ್ತೀರಿ, ಪೆಡಲ್ ಪೂರ್ತಿ ಒತ್ತಿ ಹಿಡಿಯುತ್ತೀರಿ, ಡೀಸೆಲ್ ಅಲ್ಲೇ ಖರ್ಚಾಗುವುದು.

ಇನ್ನು ಆ 10.5 ಮೈಲೇಜ್. ಅದನ್ನು ನಂಬಬೇಡಿ. ನಿಮ್ಮ ಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬರುತ್ತದೆ, ಟೈರ್ ಎಷ್ಟು ದೊಡ್ಡದು ಅಂತ ಅದಕ್ಕೆ ಗೊತ್ತಿಲ್ಲ. ಮೀಟರ್ 100 ಕಿ.ಮೀ. ತೋರಿಸಿದಾಗ ಗಾಡಿ ಓಡಿರುವುದು 112. ಹಾಗಾಗಿ ನಿಮ್ಮ ನಿಜವಾದ ಮೈಲೇಜ್ ಈಗ 11.7ರ ಹತ್ತಿರ. ನಷ್ಟ ಇದೆ, ಆದರೆ ನೀವು ಅಂದುಕೊಂಡ ಅರ್ಧದಷ್ಟೇ. ಈ ಗುಂಪಿನಲ್ಲಿ ಟೈರ್ ಬದಲಿಸಿ ಮೈಲೇಜ್ ಬಿತ್ತು ಅಂತ ಬರೆಯುವ ಹತ್ತರಲ್ಲಿ ಒಂಬತ್ತು ಜನ ಈ ತಿದ್ದುಪಡಿ ಮಾಡಿರಲ್ಲ. ಮತ್ತೆ ಸ್ಪೀಡೂ ಹಾಗೇ, ಮುಳ್ಳು 60 ತೋರಿಸಿದರೆ ನೀವು 67ರಲ್ಲಿ ಇದ್ದೀರಿ. ಘಾಟಿ ಇಳಿಯುವಾಗ ಇದು ನೆನಪಿರಲಿ, ಯಾಕೆಂದರೆ ದೊಡ್ಡ ಟೈರಿಗೆ ಅದೇ ಹಳೆಯ ಬ್ರೇಕ್ ಕಡಿಮೆ ಹಿಡಿಯುತ್ತದೆ.

ಸರಿ, ಏನು ಮಾಡಬೇಕು? ಮೊದಲು ನಿಮ್ಮ ಹೌಸಿಂಗ್ ಒಳಗೆ ಏನಿದೆ ಅಂತ ತಿಳಿದುಕೊಳ್ಳಿ. ಪೋಸ್ಟಲ್ಲಿ ರೇಶಿಯೋ ಬರೆದಿಲ್ಲ. ಇಷ್ಟು ಹಳೆಯ ಜೀಪಲ್ಲಿ ಕಾಗದ ನೋಡಿ ಹೇಳಲು ಆಗಲ್ಲ. ಯಾವ ಕಾಲದಲ್ಲಿ ಯಾರು ಯಾವ ಹೌಸಿಂಗ್ ತಂದು ಹಾಕಿದ್ದಾರೋ. ನೀವೇ ಎಣಿಸಬೇಕು, ಬಿಚ್ಚುವ ಅಗತ್ಯ ಇಲ್ಲ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಒಂದೇ ಚಕ್ರ ಜ್ಯಾಕ್‌ನಿಂದ ಎತ್ತಿ, ಗೇರ್ ನ್ಯೂಟ್ರಲ್. ಹೌಸಿಂಗಿಗೆ ಬರುವ ಉದ್ದ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ, ಟೈರ್ ಮೇಲೂ ಒಂದು ಗೆರೆ. ಎತ್ತಿದ ಚಕ್ರವನ್ನು ಕೈಯಲ್ಲಿ 16 ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಲಿ. ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಎತ್ತಿದ ಚಕ್ರ ಎರಡು ಸುತ್ತು ಹಾಕಿದರೆ ಕ್ರೌನ್ ಒಂದು ಸುತ್ತು ಹಾಕುತ್ತೆ. ಹಾಗಾಗಿ 16 ಸುತ್ತು ಅಂದರೆ ಕ್ರೌನ್ 8 ಸುತ್ತು. ಶಾಫ್ಟ್ 39 ಬಂದರೆ 39:8, ಅಂದರೆ 4.88. 43 ಬಂದರೆ 43:8, ಅಂದರೆ 5.38. 41:11 ಇದ್ದರೆ 30ರ ಹತ್ತಿರ ನಿಲ್ಲುತ್ತೆ, ಅದು 3.73, ಅದರ ಮೇಲೆ 31 ಇಂಚು ಹಾಕಿದ್ದರೆ ನಿಮಗೆ ಕೈ ಮುಗಿಯುತ್ತೇನೆ. ಎರಡೂ ಚಕ್ರ ಒಟ್ಟಿಗೇ ಸುತ್ತುವ ಲಾಕರ್ ಹಾಕಿಸಿದವರಿಗೆ, ಒಳಗೆ ವೆಲ್ಡ್ ಮಾಡಿಸಿದವರಿಗೆ ಈ ಎಣಿಕೆ ಬರಲ್ಲ.

ಒಂದು ಎಚ್ಚರಿಕೆ, ಇದನ್ನು ದಾಟಿಸಿ ಓದಬೇಡಿ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯಲ್ಲ. ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್ ಹಿಡಿಯುತ್ತದೆ, ಅಂದರೆ ಶಾಫ್ಟನ್ನು. ಎಣಿಸಬೇಕಾದರೆ ಅದನ್ನು ಬಿಡಲೇಬೇಕು. ಹಿಡಿದಿದ್ದರೂ ಪ್ರಯೋಜನ ಇಲ್ಲ, ಒಂದು ಹಿಂದಿನ ಚಕ್ರ ಗಾಳಿಯಲ್ಲಿ ಇದ್ದಾಗ ಅದು ಉಲ್ಟಾ ಸುತ್ತಿ ಗಾಡಿ ಜ್ಯಾಕ್‌ನಿಂದ ಜಾರಿ ಹೋಗುತ್ತೆ. ಗೇರಲ್ಲಿ ಹಾಕಿ ನಿಲ್ಲಿಸಿದರೂ ಇದೇ ಕಥೆ. ಉಳಿದ ಮೂರು ಚಕ್ರಕ್ಕೂ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಪಂಚರ್ ಹಾಕುವಾಗಲೂ ಹೀಗೇ ಮಾಡಿ. ತೋಟದ ಇಳಿಜಾರಲ್ಲಿ ಬರೀ ಹ್ಯಾಂಡ್‌ಬ್ರೇಕ್ ಎಳೆದು ಜ್ಯಾಕ್ ಕೊಡುವವರನ್ನು ನೋಡಿದರೆ ಎದೆ ಧಸಕ್ ಅನ್ನುತ್ತೆ.

39 ಬಂದರೆ ದಾರಿ ಸುಲಭ. 43:8 ಹುಡುಕಿ ಹಾಕಿಸಿ. 31 ಇಂಚಿನ ಜೊತೆ 5.38 ಹಾಕಿದರೆ ಲೆಕ್ಕಕ್ಕೆ 4.81 ಬರುತ್ತದೆ, ಅಂದರೆ ನಿಮ್ಮ ಹಳೆಯ ಗಾಡಿಯೇ ವಾಪಸ್. 60ಕ್ಕೆ ಮತ್ತೆ 2170 ಸುತ್ತು. ಇನ್ನೊಂದು ಲಾಭ ಯಾರೂ ಹೇಳಲ್ಲ: ಮೀಟರ್ ಕೂಡ ತಾನಾಗೇ ಸರಿಹೋಗುತ್ತೆ, ಶೇ ಒಂದೂವರೆ ವ್ಯತ್ಯಾಸ ಉಳಿಯುತ್ತೆ ಅಷ್ಟೇ. 43 ಬಂದರೆ ಮಾತು ಬೇರೆ. ರೇಶಿಯೋ ಆಗಲೇ ಸರಿ ಇದೆ. ಕ್ಲಚ್ ಜಾರುತ್ತಿದೆಯಾ, ಬ್ರೇಕ್ ಹಿಡಿದುಕೊಂಡಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿ. ಸ್ವಲ್ಪ ದೂರ ಓಡಿಸಿ ನಾಲ್ಕೂ ಡ್ರಮ್ ಮುಟ್ಟಿ ನೋಡಿದರೆ ಯಾವುದು ಬಿಸಿ ಅಂತ ಗೊತ್ತಾಗುತ್ತೆ.

ಈಗ ಗ್ಯಾರೇಜ್ ವಿಷಯ. ಹಿಂದಿನದು ಮಾತ್ರ ಬದಲಿಸೋಣ, ಮುಂದಿನದು ಆಮೇಲೆ ನೋಡೋಣ ಅಂತ ಯಾರಾದರೂ ಹೇಳಿದರೆ ಗಾಡಿ ವಾಪಸ್ ತನ್ನಿ. ಫೋರ್ ಬೈ ಫೋರ್ ಗಾಡಿಗೆ ಮುಂದೆ ಹಿಂದೆ ಒಂದೇ ರೇಶಿಯೋ ಇರಲೇಬೇಕು. ಹಿಂದೆ 5.38, ಮುಂದೆ 4.88 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡು ಹೌಸಿಂಗ್ ಒಂದನ್ನೊಂದು ಎಳೆದಾಡುತ್ತವೆ. ಕೆಸರಿನಲ್ಲಿ ಟೈರ್ ಜಾರಿ ತಪ್ಪಿಸಿಕೊಳ್ಳಬಹುದು, ಗಟ್ಟಿ ನೆಲದಲ್ಲಿ ಶಾಫ್ಟಿನ ಕ್ರಾಸ್ ಜಾಯಿಂಟ್ ಹೋಗುತ್ತೆ ಇಲ್ಲ ಟ್ರಾನ್ಸ್‌ಫರ್ ಕೇಸ್ ಹಲ್ಲು ಹೋಗುತ್ತೆ. ಖರ್ಚು ಡಬಲ್ ಅಂತ ಗೊತ್ತು. ಅದಕ್ಕೇ ಟೈರ್ ತೆಗೆದುಕೊಳ್ಳುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು.

ಗುಜರಿಯಲ್ಲಿ ಕ್ರೌನ್ ಪಿನಿಯನ್ ತೆಗೆದುಕೊಂಡರೆ ಜೋಡಿಯಾಗೇ ತೆಗೆದುಕೊಳ್ಳಿ. ಎರಡರ ಮೇಲೂ ಕೆತ್ತಿದ ಜೋಡಿ ನಂಬರ್ ಒಂದೇ ಇರಬೇಕು. ಒಂದು ಕಡೆಯ ಕ್ರೌನ್, ಇನ್ನೊಂದು ಕಡೆಯ ಪಿನಿಯನ್ ಹಾಕಿದರೆ ಜೀವನಪೂರ್ತಿ ಕೂಗುತ್ತೆ. ಬೇರಿಂಗ್, ಸೀಲ್ ಹೊಸದೇ ಹಾಕಿಸಿ, ಇಲ್ಲಿ ಉಳಿಸಬೇಡಿ. ಬೇರಿಂಗಿಗೆ ನನ್ನ ಓಟು ಎಸ್‌ಕೆಎಫ್ ಇಲ್ಲ ಟಿಮ್ಕನ್. ಶಿಮ್ (ತೆಳು ತಗಡಿನ ಬಿಲ್ಲೆ) ಇಟ್ಟು ಡಯಲ್ ಗೇಜ್‌ನಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ನೋಡುವ, ಹಲ್ಲಿಗೆ ಬಣ್ಣ ಹಚ್ಚಿ ತಾಗುವ ಜಾಗ ತೋರಿಸುವ ಮಿಸ್ತ್ರಿ ಸಿಗುವವರೆಗೆ ಕಾಯಿರಿ. ಕೈಯಲ್ಲಿ ಅಲ್ಲಾಡಿಸಿ 'ಸರಿ ಇದೆ' ಅನ್ನುವವರ ಹತ್ತಿರ ಬೇಡವೇ ಬೇಡ. ಹಾಕಿಸಿದ ಮೇಲೆ ಮೊದಲು ಒಂದು 30 ಕಿ.ಮೀ. ನಿಧಾನ ಓಡಿಸಿ ಪೂರ್ತಿ ತಣ್ಣಗಾಗಲು ಬಿಡಿ. 800 ಕಿ.ಮೀ.ವರೆಗೆ ಲೋಡ್ ಎಳೆಸಬೇಡಿ, ಆಮೇಲೆ ಹೌಸಿಂಗ್ ಆಯಿಲ್ ಚೆಲ್ಲಿ ಹೊಸದು ಹಾಕಿ. ಎಳೆಯುವಾಗ ಮಾತ್ರ ಕೂಗಿದರೂ, ಪೆಡಲ್ ಬಿಟ್ಟಾಗ ಮಾತ್ರ ಕೂಗಿದರೂ ಸೆಟ್ಟಿಂಗ್ ತಪ್ಪಿದೆ, ಮತ್ತೆ ಬಿಚ್ಚಿಸಿ.

ಖರ್ಚು ಬೇಡ ಅಂದರೆ ಇನ್ನೊಂದು ದಾರಿ: ಈ ಟೈರ್ ಮಾರಿ 235/75 ಆರ್15 ಹಾಕಿ. ಎತ್ತರ 733 ಮಿ.ಮೀ., ಹಳೆಯದಕ್ಕಿಂತ ಶೇ 4 ಜಾಸ್ತಿ ಅಷ್ಟೇ. 4.88 ಇದ್ದರೆ ಏನೂ ಮುಟ್ಟಬೇಕಾಗಿಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಕೆಲಸಕ್ಕೆ ಅದೇ ಸಾಕು. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕೆಂಪು ಜೇಡಿಯಲ್ಲಿ ಅಗಲ ಟೈರ್ ಮೇಲೆ ತೇಲುತ್ತದೆ, ಸಪೂರ ಟೈರ್ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಹಳೆಯ 6.00-16 ಸಪೂರ ಟೈರಿನ ಜೀಪುಗಳು ಎಸ್ಟೇಟ್‌ಗಳಲ್ಲಿ ಇವತ್ತಿಗೂ ಓಡಾಡುತ್ತಿರುವುದು ಸುಮ್ನೆ ಅಲ್ಲ. ಮರಳಲ್ಲಿ ಅಗಲ ಬೇಕು, ಒಪ್ಪುತ್ತೇನೆ. ಮೂಡಿಗೆರೆಯಲ್ಲಿ ಮರಳು ಎಲ್ಲಿದೆ? ಓಡಾಟ ಹೆಚ್ಚಿನದು ಟಾರ್ ಮೇಲೆ ಅಂತೀರಿ, ಹಾಗಿದ್ದರೆ ಎಂಟಿ (ಕೆಸರಿನ ಟೈರ್) ಬೇಡ, ಎಟಿ (ಎಲ್ಲಾ ನೆಲಕ್ಕೂ ಆಗುವ ಟೈರ್) ತೆಗೆದುಕೊಳ್ಳಿ. ಯೋಕೋಹಾಮ ಜಿಯೋಲ್ಯಾಂಡರ್ ನನಗೆ ಮೆಚ್ಚುಗೆ, ದುಡ್ಡಿದ್ದರೆ ಬಿಎಫ್‌ಗುಡ್‌ರಿಚ್. ಎಂಟಿ ಕೂಗುತ್ತೆ, ತೂಕ ಜಾಸ್ತಿ, ಟಾರ್ ಮೇಲೆ ಉರುಳಲು ಜಾಸ್ತಿ ಶಕ್ತಿ ಬೇಕು. ಮೈಲೇಜ್ ನಷ್ಟದಲ್ಲಿ ಅದರದ್ದೂ ಪಾಲಿದೆ, ಗೇರಿಂಗ್ ಸರಿ ಮಾಡಿದರೂ ಅಷ್ಟು ವಾಪಸ್ ಬರಲ್ಲ.

31-10.5 ಇಟ್ಟುಕೊಳ್ಳುವುದಾದರೆ ರಿಮ್ ನೋಡಿ. ಅದಕ್ಕೆ ಕಡಿಮೆ ಅಂದರೂ 7 ಇಂಚು ಅಗಲದ ರಿಮ್ ಬೇಕು. ಫೋಟೋದಲ್ಲಿ ಹಳೆಯ ರಿಮ್ಮೇ ಇದ್ದ ಹಾಗೆ ಕಾಣುತ್ತೆ, ಟೈರ್ ಮಧ್ಯೆ ಉಬ್ಬಿ ನಿಂತಿದೆ. ಅದರ ಮೇಲೆ 35 ಗಾಳಿ ತುಂಬಿಸಿದ್ದೀರಿ, ಯಾಕೆ ಸರ್? ಇಷ್ಟು ಹಗುರ ಗಾಡಿಗೆ 26ರಿಂದ 28 ಸಾಕು. ಮತ್ತೆ ಕಾಯ್ದೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ರೀತಿ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಏನಾದರೂ ಆದಾಗ ಇನ್ಶೂರೆನ್ಸ್‌ನವರು ಮೊದಲು ಟೈರ್ ನೋಡುತ್ತಾರೆ.

ಇದೇ ಪೋಸ್ಟ್ ಕೆಳಗೆ ಬೊಲೆರೋ ಪಿಕಪ್‌ಗೆ ಲುಕ್‌ಗೋಸ್ಕರ ದೊಡ್ಡ ಟೈರ್ ಕೇಳಿದ ತಮ್ಮನಿಗೆ: ಬೇಡಪ್ಪ. ಶುಂಠಿ ಮೂಟೆ ತುಂಬಿ ಏರು ಹತ್ತುವ ಗಾಡಿ ಅದು. ಲೋಡ್ ಗಾಡಿಯಲ್ಲಿ ಶೇ 5 ಎತ್ತರ ಹೆಚ್ಚಾದರೂ ಕ್ಲಚ್‌ಗೆ ಗೊತ್ತಾಗುತ್ತೆ. ಕಂಪನಿ ಸೈಜ್, ಕಂಪನಿ ಹೇಳಿದ ಪ್ಲೈ ರೇಟಿಂಗ್ (ಟೈರ್ ಎಷ್ಟು ಭಾರ ತಡೆಯುತ್ತೆ ಅನ್ನುವ ಗುರುತು), ಅಷ್ಟೇ ಹಾಕು.

ಸರ್, ಸ್ಟೆಪ್ನಿ ಬಗ್ಗೆ ಬರೆದಿಲ್ಲ ನೀವು. ಹಳೆಯ 215 ಹಿಂದೆ ನೇತಾಡುತ್ತಿದ್ದರೆ ಐದನೇ ಟೈರ್ ಕೂಡ 31 ತೆಗೆದುಕೊಳ್ಳಿ. ಅಲ್ಲಿಯವರೆಗೆ ಹಿಂದಿನದು ಪಂಚರ್ ಆದರೂ ಆ ಚಿಕ್ಕದನ್ನು ಮುಂದೆ ಹಾಕಿ, ಮುಂದಿನ ಟೈರ್ ತೆಗೆದು ಹಿಂದೆ ಹಾಕಿ, ಹತ್ತಿರದ ಪಂಚರ್ ಅಂಗಡಿವರೆಗೆ ಟೂ ವೀಲ್‌ನಲ್ಲೇ ನಿಧಾನ ಹೋಗಿ. ಫೋರ್ ವೀಲ್ ಲಿವರ್ ಮುಟ್ಟಬೇಡಿ.