ಹಳೆಯ ವಿಡಿಯೋ ಗೇಮ್‌ಗಳ ಸಾವಿರಾರು ಫೈಲ್‌ಗಳನ್ನು ಅಚ್ಚುಕಟ್ಟಾಗಿ ಜೋಡಿಸುವುದು ಹೇಗೆ?

ಹಾರ್ಡ್ ಡಿಸ್ಕ್‌ನಲ್ಲಿ ಸಾವಿರಾರು ಗೇಮ್ ಫೈಲ್‌ಗಳಿವೆ, ಒಂದೇ ಗೇಮ್ ನಾಲ್ಕಾರು ಬಾರಿ ಕಾಣುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕುವ ಮೊದಲು ಏನು ಮಾಡಲಿ ಎಂದು ಶಿರಸಿಯಿಂದ ಕೇಳಿದ್ದೀರಿ. ಕಾರವಾರದಲ್ಲಿ ಇಂಥದೇ ಸಂಗ್ರಹ ಇಟ್ಟುಕೊಂಡಿರುವ ನನ್ನ ಉತ್ತರವಿಷ್ಟೆ: ಫೋಲ್ಡರ್ ಜೋಡಿಸುವ ಮೊದಲು ಯಾವುದನ್ನು ಬಿಡಬೇಕೆಂದು ತೀರ್ಮಾನಿಸಿ.

ಅಮೆರಿಕ, ಯುರೋಪ್, ಜಪಾನ್‌ಗಳಲ್ಲಿ ಒಂದೇ ಗೇಮ್ ಬೇರೆಬೇರೆಯಾಗಿ ಬಿಡುಗಡೆಯಾಗುತ್ತಿದ್ದುದರಿಂದ ಈ ಪುನರಾವರ್ತನೆ ಬಂದಿದೆ. (ನಮ್ಮ ಪೇಟೆಗಳಲ್ಲಿ ಸಿಗುತ್ತಿದ್ದ '9999 ಇನ್ 1' ಕ್ಯಾಸೆಟ್‌ನ ಪುನರಾವರ್ತನೆ ಮಾತ್ರ ಶುದ್ಧ ಮೋಸ.) ಕಾರ್ಟ್ರಿಡ್ಜ್ (ಅಂದರೆ ಕ್ಯಾಸೆಟ್) ಗೇಮ್‌ಗಳ ಸರಿಯಾದ ಪ್ರತಿಗಳನ್ನು ಪಟ್ಟಿ ಮಾಡುವ 'ನೋ-ಇಂಟ್ರೋ' ಯೋಜನೆಯ ಡ್ಯಾಟ್ ಫೈಲನ್ನು (ಆ ಪಟ್ಟಿಯ ಫೈಲನ್ನು) 'ರೀಟೂಲ್' ತಂತ್ರಾಂಶದಲ್ಲಿ ಒಂದು ಗೇಮ್‌ಗೆ ಒಂದೇ ಪ್ರತಿ ಉಳಿಯುವಂತೆ ಸೋಸಿ, ಅದನ್ನು 'ರೋಮ್‌ವಾಲ್ಟ್' ಎಂಬ ತಂತ್ರಾಂಶಕ್ಕೆ ಕೊಟ್ಟರೆ, ಅದು ಫೈಲಿನ ಹೆಸರನ್ನು ನಂಬದೆ ಒಳಗಿನ ದತ್ತಾಂಶವನ್ನೇ ತಾಳೆ ನೋಡಿ ಕೆಟ್ಟವನ್ನೂ ತಿದ್ದಿದವನ್ನೂ ಬೇರ್ಪಡಿಸುತ್ತದೆ. ಅಮೆರಿಕದ ಪ್ರತಿಗೆ ಮೊದಲ ಆದ್ಯತೆ ಕೊಡಿ. ಯುರೋಪಿನವು 50 ಹರ್ಟ್ಸ್ ಟಿವಿಗೆಂದು ಬಂದವಾದ್ದರಿಂದ ಅವುಗಳಲ್ಲಿ ಅನೇಕವು ನಿಧಾನವಾಗಿ ಓಡುತ್ತವೆ.

ಆದರೂ ಈ ನಿಯಮವನ್ನು ಕುರುಡಾಗಿ ಪಾಲಿಸಬೇಡಿ. ಕೊನಾಮಿ ಕಂಪನಿಯ ಗುಂಡು ಹಾರಿಸುವ ಗೇಮ್ 'ಕಾಂಟ್ರಾ'ದ ಯುರೋಪ್ ಆವೃತ್ತಿಯ ಹೆಸರು 'ಪ್ರೊಬೊಟೆಕ್ಟರ್'. ಅದರಲ್ಲಿ ಸೈನಿಕರ ಬದಲು ರೋಬಾಟ್‌ಗಳಿವೆ. 1988ರ ಜಪಾನಿ ಆವೃತ್ತಿಯಲ್ಲಾದರೋ ಕೊನಾಮಿಯ ಸ್ವಂತ ಚಿಪ್ ಇದ್ದುದರಿಂದ ಮೊದಲ ಹಂತದ ಕಾಡಿನ ಎಲೆಗಳು ಗಾಳಿಗೆ ತೂಗುತ್ತವೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ, ಹಂತಗಳ ನಡುವೆ ಕಥೆಯ ದೃಶ್ಯಗಳೂ ಬರುತ್ತವೆ. ಜಪಾನಿ ಭಾಷೆ ಬಾರದಿದ್ದರೂ ನಾನು ಉಳಿಸಿಕೊಂಡಿರುವುದು ಇದನ್ನೇ.

ಆರ್ಕೇಡ್ ಗೇಮ್‌ಗಳಿಗೆ (ನಾಣ್ಯ ಹಾಕಿ ಆಡುವ ಯಂತ್ರಗಳ ಗೇಮ್‌ಗಳಿಗೆ) ಈ ಕ್ರಮ ಒಗ್ಗುವುದಿಲ್ಲ. ಅವುಗಳ ಜಿಪ್ ಫೈಲಿನ ಹೆಸರು ಬದಲಿಸಕೂಡದು. ಫೈಲ್‌ಗಳು ತಮ್ಮ ಎಮ್ಯುಲೇಟರಿನ (ಹಳೆಯ ಯಂತ್ರವನ್ನು ಅನುಕರಿಸಿ ಗೇಮ್ ಓಡಿಸುವ ತಂತ್ರಾಂಶದ) ಆವೃತ್ತಿಗೇ ಹೊಂದಬೇಕು. ಬೇರೊಂದು ಗೇಮ್‌ನ ರೂಪಾಂತರಗಳಾದ ಎಷ್ಟೋ ಗೇಮ್‌ಗಳು ಆ ಮೂಲ ಗೇಮ್‌ನ ಜಿಪ್ ಇಲ್ಲದೆ ತೆರೆಯುವುದೂ ಇಲ್ಲ. ಪ್ಲೇಸ್ಟೇಷನ್ನಿನ ಸಿಡಿಗಳನ್ನು ಸಿಎಚ್‌ಡಿ ಎಂಬ ಕುಗ್ಗಿಸಿದ ಫೈಲ್ ರೂಪಕ್ಕೆ ಪರಿವರ್ತಿಸಿದರೆ ಗುಣಮಟ್ಟ ಕೆಡದೆ ಜಾಗ ಉಳಿಯುತ್ತದೆ. 'ಫೈನಲ್ ಫ್ಯಾಂಟಸಿ 7'ರಂತಹ ಮೂರು ಸಿಡಿಗಳ ಗೇಮ್‌ಗೆ ಒಂದು ಎಂ3ಯು ಫೈಲ್ (ಮೂರೂ ಸಿಡಿಗಳ ಹೆಸರಿರುವ ಪಠ್ಯ ಫೈಲ್) ಬರೆದಿಟ್ಟರೆ ಪಟ್ಟಿಯಲ್ಲಿ ಒಂದೇ ಹೆಸರು ಸಾಕು.

ಆಡಿದಷ್ಟನ್ನು ಉಳಿಸಿಡುವ ಸೇವ್ ಫೈಲ್‌ಗಳನ್ನು ಗೇಮ್‌ಗಳ ಫೋಲ್ಡರಿನಲ್ಲಿ ಇಡದೆ ಪ್ರತ್ಯೇಕವಾಗಿಟ್ಟು ಪೆನ್‌ಡ್ರೈವ್‌ಗೂ ನಕಲಿಸಿಕೊಳ್ಳಿ. ಮಳೆಗಾಲವಿಡೀ ಕರೆಂಟು ಕೈಕೊಡುವ ನಮ್ಮ ಜಿಲ್ಲೆಯಲ್ಲಿ, ಪೈ ಫೈಲ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಅದರ ಎಸ್‌ಡಿ ಕಾರ್ಡ್ ಕೆಡುವ ಸಂಭವ ಹೆಚ್ಚು. ಗೇಮ್‌ಗಳನ್ನು ಮತ್ತೆ ಹಾಕಿಕೊಳ್ಳಬಹುದು, ಸೇವ್‌ಗಳನ್ನಲ್ಲ.