ಕಾರ್ಗಿಲ್ ದಿನದ ರಿಯಾಯಿತಿ ಬೇಡ, ಮಳೆಗಾಲದ ರಿಯಾಯಿತಿ ಇರಲಿ

ಪ್ರಶ್ನೆ: ಮಡಿಕೇರಿಯ ಹತ್ತಿರ ಹೊಸದಾಗಿ ಹೋಂಸ್ಟೇ ಆರಂಭಿಸಿದ್ದೇವೆ. ಜೊತೆಗೆ ಕಾಫಿಪುಡಿ, ಏಲಕ್ಕಿ, ಕಾಳುಮೆಣಸಿನ ಮಳಿಗೆಯೂ ಇದೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಶೇ 26ರಷ್ಟು ರಿಯಾಯಿತಿ ಎಂದು ಪೋಸ್ಟರ್ ಮಾಡಿಸಬೇಕೆಂದಿದ್ದೇವೆ. ಯೋಧರ ಚಿತ್ರ, ರಾಷ್ಟ್ರಧ್ವಜ ಹಾಕಬಹುದೇ? ಕೊಡಗಿನವರು ಏನೆಂದುಕೊಳ್ಳುತ್ತಾರೆ?

ಬೇಡ. ಧ್ವಜವೂ ಬೇಡ, ಯೋಧರ ಚಿತ್ರವೂ ಬೇಡ, ಆ ದಿನದ ಹೆಸರಿನಲ್ಲಿ ರಿಯಾಯಿತಿಯೂ ಬೇಡ. ಪೋಸ್ಟರ್ ಮಾಡಿಸುವ ಮುಂಚೆ ಕೇಳಿದಿರಲ್ಲ, ಅದಕ್ಕೆ ಸಂತೋಷ. ಹೆಚ್ಚಿನವರು ಕೇಳುವುದಿಲ್ಲ.

ನಾನು ಈ ಜಿಲ್ಲೆಯಲ್ಲೇ ಡಿಟಿಪಿ ಮತ್ತು ಮುದ್ರಣದ ಅಂಗಡಿ ನಡೆಸುತ್ತೇನೆ. ಜುಲೈ ಬಂತೆಂದರೆ ನನ್ನ ಮೇಜಿಗೆ ಇಂಥ ಕೆಲಸ ಬರತೊಡಗುತ್ತದೆ. ಆ ಹೊತ್ತಿಗೆ ಮಳೆ ಹಿಡಿದು ಕುಳಿತಿರುತ್ತದೆ, ಕೋಣೆಗಳು ಖಾಲಿ, ಮಳಿಗೆಗೆ ಕಾಲಿಡುವವರಿಲ್ಲ. ವ್ಯಾಪಾರಕ್ಕೆ ಏನಾದರೂ ಒಂದು ನೆಪ ಬೇಕು. ಕ್ಯಾಲೆಂಡರ್ ತಿರುವಿದರೆ ಸಿಗುವುದು 26ನೇ ತಾರೀಖು. ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಕಳುಹಿಸಿ, ಇದರ ಮೇಲೆ ನಮ್ಮ ಹೆಸರು, ಫೋನ್ ನಂಬರ್ ಕೂರಿಸಿಕೊಡಿ ಎನ್ನುತ್ತಾರೆ. ಆ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಟ್ಟದ ನೆತ್ತಿಯಲ್ಲಿ ಕೆಲವು ಸೈನಿಕರು ಮುಂದಕ್ಕೆ ಬಾಗಿ ಧ್ವಜಸ್ತಂಭ ನಿಲ್ಲಿಸುತ್ತಿರುವ ಕಪ್ಪು ಆಕೃತಿ. ಅದು ಕಾರ್ಗಿಲ್ ಅಲ್ಲವೇ ಅಲ್ಲ. 1945ರ ಫೆಬ್ರುವರಿಯಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಅಮೆರಿಕದ ಮರೀನ್ ಯೋಧರು ತಮ್ಮ ದೇಶದ ಧ್ವಜ ನೆಟ್ಟಾಗ ತೆಗೆದ ಛಾಯಾಚಿತ್ರದ ನೆರಳು. ಧ್ವಜಕ್ಕೆ ಮಾತ್ರ ನಮ್ಮ ಬಣ್ಣ ಬಳಿದಿರುತ್ತಾರೆ. ತೋಲೋಲಿಂಗ್ ಬೆಟ್ಟವನ್ನು ಗುಂಡಿನ ಮಳೆಯಲ್ಲಿ ಹತ್ತಿದವರಿಗೆ ನಮನ ಎಂದು ಬರೆಸುವವರಿಗೆ, ಚಿತ್ರದಲ್ಲಿರುವವರು ಯಾರೆಂದು ನೋಡುವಷ್ಟು ಪುರುಸೊತ್ತೂ ಇರುವುದಿಲ್ಲ.

ಒಬ್ಬರು ‘ಕಾರ್ಗಿಲ್ ಕಾಂಬೋ, ಕೇವಲ 1999 ರೂಪಾಯಿ’ ಎಂದು ಬರೆಸಲು ಬಂದಿದ್ದರು. ಯುದ್ಧ ನಡೆದ ವರ್ಷವೂ ಅದೇ, ಅಂಗಡಿಯವರಿಗೆ ಒಗ್ಗಿದ ಬೆಲೆಯೂ ಅದೇ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ ಎಂದು ಖುಷಿಯಿಂದಲೇ ಹೇಳಿದರು. ಆ ವರ್ಷ ಆ ಬೆಟ್ಟಗಳಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಈ ಕೆಲಸ ನನ್ನಿಂದಾಗದು ಎಂದೆ. ಅವರು ಕೆಟ್ಟವರೇನಲ್ಲ. ದೀಪಾವಳಿ, ಯುಗಾದಿಗೆ ಮಾಡುವಂತೆ ಇದಕ್ಕೂ ಮಾಡಿದರಾಯಿತು ಎಂದುಕೊಂಡಿದ್ದರು, ಅಷ್ಟೇ. ನಿಮ್ಮ ಪ್ರಶ್ನೆಯಲ್ಲೂ ಅದೇ ಎಣಿಕೆ ಕಾಣುತ್ತಿದೆ. ಆಗಸ್ಟ್ 15 ನಾಡಿಗೆಲ್ಲ ಸಂಭ್ರಮ, ಆ ದಿನ ಅಂಗಡಿಯವರು ರಿಯಾಯಿತಿ ಕೊಟ್ಟರೆ ನನ್ನ ತಕರಾರಿಲ್ಲ. ಜುಲೈ 26 ಹಾಗಲ್ಲ. ಗೆದ್ದ ದಿನವಾದರೂ ಕೆಲವು ಮನೆಗಳಲ್ಲಿ ಅದು ವರ್ಷಾಬ್ದಿಯ ಕಾಲ.

ಧ್ವಜದ ವಿಷಯದಲ್ಲಂತೂ ನನ್ನ ಅಭಿಪ್ರಾಯ, ನಿಮ್ಮ ಅಭಿಪ್ರಾಯ ಎಂಬ ಮಾತೇ ಬರುವುದಿಲ್ಲ. ಯಾವ ಬಗೆಯ ಜಾಹೀರಾತಿನಲ್ಲೂ ರಾಷ್ಟ್ರಧ್ವಜವನ್ನು ಬಳಸಬಾರದು, ಧ್ವಜ ಹಾರಿಸಿದ ಕಂಬಕ್ಕೆ ಜಾಹೀರಾತು ಫಲಕ ಕಟ್ಟಬಾರದು ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಧ್ವಜವನ್ನೂ ಸರ್ಕಾರದ ಲಾಂಛನವನ್ನೂ ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆಯೊಂದು ತಡೆಯುತ್ತದೆ. ಧ್ವಜದ ಮೇಲೆ ಅಕ್ಷರ ಬರೆಯುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬದಿಗಿರಲಿ, ಜುಲೈಯಲ್ಲಿ ಮಡಿಕೇರಿಯ ಬಸ್ ನಿಲ್ದಾಣದ ಹತ್ತಿರ ಒಮ್ಮೆ ನಡೆದು ನೋಡಿ. ಕಾರುಗಳ ವೈಪರ್‌ಗೆ ಸಿಕ್ಕಿಸಿದ ಕರಪತ್ರಗಳು ಹತ್ತು ನಿಮಿಷದಲ್ಲಿ ನೆನೆದು, ಹರಿದು, ಚರಂಡಿಯ ಕೆಸರಿನಲ್ಲಿ ಬಿದ್ದಿರುತ್ತವೆ. ಕೇಸರಿ, ಬಿಳಿ, ಹಸಿರಿನ ಮೇಲೆ ಜನ ಚಪ್ಪಲಿ ಇಟ್ಟು ನಡೆಯುತ್ತಾರೆ.

ಇನ್ನು ಕೊಡಗಿನವರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ಕೊಡವರಿರಲಿ, ಗೌಡರಿರಲಿ, ಬೇರೆಯವರಿರಲಿ, ಇಲ್ಲಿ ಒಂದು ಮನೆಯ ಜಗಲಿ ಹತ್ತಿದರೆ ಸಮವಸ್ತ್ರದಲ್ಲಿರುವ ಒಬ್ಬರ ಫೋಟೊ ಗೋಡೆಯ ಮೇಲೆ ಇರುವುದು ಸಾಮಾನ್ಯ. ಅಜ್ಜನದೋ, ಚಿಕ್ಕಪ್ಪನದೋ, ಮಗನದೋ. ಕಾರ್ಗಿಲ್ ಕೂಡ ನಮಗೆ 1999ರಲ್ಲಿ ಟಿವಿಯಲ್ಲಿ ಮೊದಲು ಕೇಳಿದ ಹೆಸರಲ್ಲ. ಮಡಿಕೇರಿಯ ‘ಸನ್ನಿ ಸೈಡ್’ ಮನೆಯ ಜನರಲ್ ತಿಮ್ಮಯ್ಯ 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿಲಾ ಕಣಿವೆಗೆ, 11,000 ಅಡಿಗೂ ಮಿಕ್ಕಿದ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿದರು. ಇಡೀ ಡಿವಿಷನ್ನಿನ ದಂಡನಾಯಕರಾಗಿದ್ದರೂ ಮುಂಚೂಣಿಯ ಟ್ಯಾಂಕಿನಲ್ಲಿ ತಾವೇ ಕುಳಿತು ಹೋದರು. ದ್ರಾಸ್, ಕಾರ್ಗಿಲ್ ನಮ್ಮ ಕೈಗೆ ಮರಳಿದ್ದು ಆ ತಿಂಗಳು. ಆ ಮನೆ ಈಗ ವಸ್ತುಸಂಗ್ರಹಾಲಯ. ನಿಮ್ಮ ಅತಿಥಿಗಳನ್ನು ಅಲ್ಲಿಗೆ ಕಳುಹಿಸಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಹೊಡೆದುರುಳಿಸಿ ಪ್ರಾಣ ಬಿಟ್ಟರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಅವರ ಮನೆಯವರು ಕಾದರು. ಇಂಥ ಊರಿನಲ್ಲಿ ಸತ್ತವರ ನೆನಪಿನ ಪಕ್ಕದಲ್ಲಿ ಶೇಕಡಾ ಚಿಹ್ನೆ ಕಂಡರೆ ಯಾರೂ ಬಂದು ನಿಮ್ಮೊಡನೆ ಜಗಳ ತೆಗೆಯುವುದಿಲ್ಲ. ನಿಮ್ಮ ಮಳಿಗೆಯ ಮೆಟ್ಟಿಲು ಹತ್ತುವುದನ್ನು ನಿಲ್ಲಿಸುತ್ತಾರೆ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಆಸ್ಟ್ರೇಲಿಯಾದವರು 1915ರ ಗ್ಯಾಲಿಪೊಲಿ ಯುದ್ಧದ ನೆನಪಿಗೆ ಏಪ್ರಿಲ್ 25ರಂದು ‘ಆನ್ಜಾಕ್’ ದಿನ ಆಚರಿಸುತ್ತಾರೆ. ಆ ಹೆಸರನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ನಿಯಮ ಅಲ್ಲಿ 1921ರಿಂದಲೂ ಇದೆ. ಹಾಗಿದ್ದೂ 2015ರಲ್ಲಿ, ನೂರನೇ ವರ್ಷದ ಸ್ಮರಣೆಯ ಹೊತ್ತಿಗೆ, ವೂಲ್‌ವರ್ತ್ಸ್ ಎಂಬ ದೊಡ್ಡ ದಿನಸಿ ಕಂಪನಿ ಜನರಿಂದ ಯೋಧರ ಚಿತ್ರ ಹಾಕಿಸಿ ಅದರ ಮೇಲೆ ತನ್ನ ಚಿಹ್ನೆ ಮೂಡುವಂತೆ ಮಾಡಿತು. ಜನ ರೊಚ್ಚಿಗೆದ್ದರು. ಕೆಲವೇ ತಾಸುಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಲ್ಲಿ ಯಾರೂ ಏನನ್ನೂ ಅಗ್ಗಕ್ಕೆ ಮಾರಿರಲಿಲ್ಲ ಎಂಬುದನ್ನು ಗಮನಿಸಿ. ಚಿತ್ರದ ಮೂಲೆಯಲ್ಲಿ ಅಂಗಡಿಯ ಗುರುತು ಕುಳಿತದ್ದೇ ಸಾಕಾಯಿತು.

ಪೋಸ್ಟರ್ ಕೆಲಸ ಬಂದಾಗ ನಾನು ಗಿರಾಕಿಯ ಎದುರೇ ಒಂದು ಕೆಲಸ ಮಾಡುತ್ತೇನೆ. ಪರದೆಯ ಮೇಲೆ ಮೊದಲು ಶೇಕಡಾವಾರು ಅಳಿಸುತ್ತೇನೆ, ಆಮೇಲೆ ಫೋನ್ ನಂಬರ್, ಆಮೇಲೆ ಅಂಗಡಿಯ ಹೆಸರು. ಉಳಿದದ್ದನ್ನು ಹೀಗೇ ಮುದ್ರಿಸಲೇ, ದುಡ್ಡು ಕೊಟ್ಟು ಒಯ್ಯುತ್ತೀರಾ ಎಂದು ಕೇಳುತ್ತೇನೆ. ಹೂಂ ಎಂದವರೂ ಇದ್ದಾರೆ. ಅವರಿಗೆ ಅರ್ಧ ದರದಲ್ಲಿ ಮಾಡಿಕೊಟ್ಟಿದ್ದೇನೆ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೊರೆಯುವುದು ಬೇರೊಂದು. ಇಲ್ಲಿನ ರೆಸಾರ್ಟು, ತೋಟ, ಮಳಿಗೆಗಳ ಗೇಟಿನಲ್ಲಿ ಕಾವಲಿಗೆ ನಿಂತಿರುವವರಲ್ಲಿ ನಿವೃತ್ತ ಸೈನಿಕರು ಬಹಳ. ಒಂದು ಜಾಗದ ಗೇಟಿಗೆ ‘ವೀರ ಯೋಧರಿಗೆ ನಮನ, ಇಂದು ಮಾತ್ರ ವಿಶೇಷ ದರ’ ಎಂಬ ಬ್ಯಾನರ್ ಕಟ್ಟಿದ್ದರು. ಅದರ ಕೆಳಗೆ ಪ್ಲಾಸ್ಟಿಕ್ ಹೊದ್ದುಕೊಂಡು, ಬಂದ ಕಾರಿಗೆಲ್ಲ ಸಲಾಮು ಹೊಡೆಯುತ್ತಾ ನಿಂತಿದ್ದವರು ಒಬ್ಬ ನಿವೃತ್ತ ಹವಾಲ್ದಾರರು. ಯುದ್ಧ ಸ್ಮಾರಕಕ್ಕೆ ಹೋಗಲಿಲ್ಲವೇ ಎಂದು ಕೇಳಿದೆ. ‘ರಜೆ ಕೇಳಿದೆ, ಇವತ್ತು ಗಿರಾಕಿ ಜಾಸ್ತಿ ಬರುತ್ತಾರೆ, ಆಗುವುದಿಲ್ಲ ಎಂದರು’ ಎಂದರು. ನೀವು ನಿಜವಾಗಿಯೂ ಏನಾದರೂ ಮಾಡಬೇಕೆಂದಿದ್ದರೆ ಇಲ್ಲಿಂದ ಶುರು ಮಾಡಿ. ನಿಮ್ಮ ಕೆಲಸಗಾರರಲ್ಲಿ ಮಾಜಿ ಸೈನಿಕರಿದ್ದರೆ ಆ ಬೆಳಿಗ್ಗೆ ಸಂಬಳ ಕಡಿಯದೆ ರಜೆ ಕೊಡಿ, ಹೋಗಿಬರಲು ನಿಮ್ಮ ಜೀಪನ್ನೇ ಕೊಡಿ. ಅವರ ಬದಲಿಗೆ ಗೇಟಿನಲ್ಲಿ ನೀವೇ ನಿಲ್ಲಿ.

ಸೈನಿಕರಿಗೆ ರಿಯಾಯಿತಿ ಕೊಡುವ ಮನಸ್ಸಿದ್ದರೆ ವರ್ಷವಿಡೀ ಕೊಡಿ, ಬೋರ್ಡು ಬೇಡ; ಬಾಯಿಂದ ಬಾಯಿಗೆ ತಾನೇ ಹಬ್ಬುತ್ತದೆ. ಹಣ ಕೊಡುವುದಾದರೆ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ ಅದಕ್ಕೆಂದೇ ಇದೆ, 1949ರಿಂದಲೂ ನಡೆದುಬಂದಿದೆ. ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ಕಟ್ಟಿ ರಸೀದಿ ತೆಗೆದುಕೊಳ್ಳಿ. ‘ಮಾರಾಟದ ಒಂದು ಪಾಲು ಯೋಧರಿಗೆ’ ಎಂದು ಮಾತ್ರ ಬರೆಸಬೇಡಿ. ಎಷ್ಟು ಪಾಲು, ಯಾವ ನಿಧಿಗೆ ಎಂದು ಹೇಳದ ಆ ಸಾಲನ್ನು ನಾನು ಮೋಸವೆಂದೇ ಎಣಿಸುತ್ತೇನೆ.

ನಿಮ್ಮ ಕೋಣೆಗಳು ತುಂಬಬೇಕಲ್ಲ, ಅದಕ್ಕೂ ದಾರಿ ಇದೆ. ಮಳೆಗಾಲದ ರಿಯಾಯಿತಿಯನ್ನು ಮಳೆಗಾಲದ ಹೆಸರಿನಲ್ಲೇ ಕೊಡಿ, ಜುಲೈ ಮೊದಲ ವಾರದಿಂದಲೇ ಕೊಡಿ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡ ಮಾಸದಲ್ಲಿ ಕಣಿಲೆ (ಎಳೆ ಬಿದಿರು) ಪಲ್ಯ, ಅಣಬೆ, ಏಡಿ ಸಾರು ತಿನ್ನಲೆಂದೇ ಬರುವವರಿದ್ದಾರೆ. ಆಗಸ್ಟ್ 3, ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡಿ ಬಡಿಸಿ. ಅದರ ನೇರಳೆ ಬಣ್ಣದ ಫೋಟೊ ಒಂದನ್ನು ನೀವೇ ತೆಗೆದು ಕಳುಹಿಸಿ, ಪೋಸ್ಟರ್ ನಾನು ಮಾಡಿಕೊಡುತ್ತೇನೆ. ಅದರಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ದರ ಎಲ್ಲವನ್ನೂ ಎಷ್ಟು ದಪ್ಪ ಅಕ್ಷರದಲ್ಲಿ ಬೇಕಾದರೂ ಹಾಕೋಣ.