ಪಾಯಿಂಟು, ಕೂಪನ್ನು, ಆಫರ್: ಇದಕ್ಕೆಲ್ಲ ಇಷ್ಟು ಓಡಾಡಬೇಕಾ?

ಕಳೆದ ಸಲ ಮನೆ ಖರ್ಚಿನ ಲೆಕ್ಕ ಬರೆದಿಡುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೂಪರ್‌ಮಾರ್ಕೆಟ್ ಪಾಯಿಂಟ್ ಮತ್ತು ಆಫರ್ ಬಗ್ಗೆಯೇ ಇದ್ದವು. ಈ ವಿಷಯ ನನಗೆ ಹತ್ತಿರದ್ದು. 11 ವರ್ಷ ಒಂದು ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವಳು ನಾನು. "ಮೆಂಬರ್ ಕಾರ್ಡ್ ಇದೆಯಾ?" ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ, ಲೆಕ್ಕವಿಲ್ಲ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಎರಡು ವರ್ಷದಿಂದ ಒಂದೇ ಅಂಗಡಿಯಲ್ಲಿ ಪಾಯಿಂಟ್ ಕೂಡಿಡುತ್ತಿದ್ದೇನೆ. ಅದಕ್ಕೋಸ್ಕರ ಪಕ್ಕದ ಅಂಗಡಿ ಬಿಟ್ಟು ದೂರ ಹೋಗುತ್ತೇನೆ. ಇದು ನಿಜವಾಗಿ ಉಳಿತಾಯವಾ?

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯಲ್ಲಿ ಎಷ್ಟು ಖರ್ಚಿಗೆ ಒಂದು ಪಾಯಿಂಟ್, ಆ ಒಂದು ಪಾಯಿಂಟಿಗೆ ಎಷ್ಟು ಹಣ, ಇವೆರಡನ್ನೂ ಕೇಳಿ ಬರೆದುಕೊಳ್ಳಿ. ಎಷ್ಟೋ ಜನ ವರ್ಷಗಟ್ಟಲೆ ಕೂಡಿಡುತ್ತಾರೆ, ಇದೊಂದನ್ನು ಕೇಳಿರುವುದಿಲ್ಲ. ಸಾವಿರಾರು ಪಾಯಿಂಟ್ ಅಂತ ಬಿಲ್ಲಿನ ಕೆಳಗೆ ನೋಡಿದಾಗ ದೊಡ್ಡ ಮೊತ್ತ ಅನಿಸುತ್ತದೆ, ಅಷ್ಟೇ.

ನೂರಕ್ಕೆ ಒಂದರ ಲೆಕ್ಕದಲ್ಲಿ ವಾಪಸ್ ಬರುತ್ತದೆ ಅಂದುಕೊಳ್ಳಿ. ವರ್ಷಕ್ಕೆ 52 ವಾರ. ವರ್ಷಪೂರ್ತಿ ಒಂದೂ ಬಿಡದೆ ಕೂಡಿಟ್ಟರೆ ನಿಮಗೆ ಸಿಗುವುದು ಸುಮಾರು ಅರ್ಧ ವಾರದ ಸಾಮಾನು. ಇನ್ನು ದೂರದ ಅಂಗಡಿಗೆ ಹೋಗಿ ಬರಲು ಅರ್ಧ ಗಂಟೆ ಹೆಚ್ಚು ಹಿಡಿದರೂ, 52 ವಾರಕ್ಕೆ 26 ಗಂಟೆ ಆಯಿತು. ಅದರ ಮೇಲೆ ಓಡಾಟದ ಖರ್ಚು. ಅರ್ಧ ವಾರದ ಸಾಮಾನಿಗೆ ಇಷ್ಟೆಲ್ಲ ಕೊಡಬೇಕಾ? ಬೇಡ ಅನ್ನುತ್ತೇನೆ ನಾನು. ಆದರೆ ಆ ಅಂಗಡಿ ನೀವು ದಿನಾ ಹೋಗುವ ದಾರಿಯಲ್ಲೇ ಇದ್ದರೆ ಮಾತು ಬೇರೆ. ಆಗ ಆ ಅರ್ಧ ವಾರದ್ದನ್ನು ಸುಮ್ನೆ ಯಾಕೆ ಬಿಡಬೇಕು? ನನ್ನ ಪರ್ಸಿನಲ್ಲೂ ಎರಡು ಕಾರ್ಡ್ ಇವೆ. ಕಾರ್ಡ್ ಇಲ್ಲದಿದ್ದರೂ ನಾನು ಹೋಗುತ್ತಿದ್ದ ಅಂಗಡಿಗಳವು.

ಇನ್ನೊಂದು ಮಾತು. ಪಾಯಿಂಟ್ ಲೆಕ್ಕ ಇಡುವುದಕ್ಕೂ ಅಂಗಡಿಗೆ ಖರ್ಚು ಬರುತ್ತದೆ. ಜರ್ಮನಿಯಲ್ಲಿ 1933ರಿಂದ 2001ರವರೆಗೆ, ಗಿರಾಕಿಗೆ ನೂರಕ್ಕೆ ಮೂರಕ್ಕಿಂತ ಜಾಸ್ತಿ ರಿಯಾಯಿತಿ ಕೊಡಬಾರದು ಅಂತ ಕಾನೂನೇ ಇತ್ತು. ಅಲ್ಲಿನ ದೊಡ್ಡ ಅಂಗಡಿಗಳು ಆ ಮೂರನ್ನು ಸ್ಟಾಂಪಿನ ರೂಪದಲ್ಲಿ ಕೊಡುತ್ತಿದ್ದವು. ಜನ ಅದನ್ನು ಕೂಡಿಟ್ಟು ಆಮೇಲೆ ಹಣ ಪಡೆಯಬೇಕಿತ್ತು. ಅಲ್ಡಿ ಅಂಗಡಿಗಳನ್ನು ಕಟ್ಟಿದ ಆಲ್‌ಬ್ರೆಕ್ಟ್ ಅಣ್ಣತಮ್ಮಂದಿರು ಸ್ಟಾಂಪ್ ಗೊಡವೆಗೇ ಹೋಗಲಿಲ್ಲ. ಆ ಮೂರನ್ನು ಬೆಲೆಯಲ್ಲೇ ಮೊದಲೇ ಕಳೆದುಬಿಟ್ಟರು. ನನಗೆ ಈ ದಾರಿ ತುಂಬ ಇಷ್ಟ. ಗಿರಾಕಿ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಹಾಗಾಗಿ ಕಾರ್ಡೇ ಇಲ್ಲದ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿನ ಬೆಲೆಯನ್ನೂ ಒಮ್ಮೆ ನೋಡಿ.

ಪ್ರಶ್ನೆ: "ಮೆಂಬರ್‌ಗಳಿಗೆ ಮಾತ್ರ ಈ ಬೆಲೆ" ಅಂತ ಹಾಕಿರುತ್ತಾರಲ್ಲ, ಅದು ನಿಜವಾ? ಮೊದಲು ಏರಿಸಿ ಆಮೇಲೆ ಇಳಿಸುತ್ತಾರೆ ಅಂತಾರೆ ನಮ್ಮ ಮನೆಯವರು.

ನಿಮ್ಮ ಮನೆಯವರ ಅನುಮಾನ ಎಲ್ಲರಿಗೂ ಇರುವುದೇ. ಬ್ರಿಟನ್ನಿನಲ್ಲಿ ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ 2024ರಲ್ಲಿ ಇದನ್ನೇ ಪರೀಕ್ಷಿಸಿತು. ಮೆಂಬರ್ ಬೆಲೆ ಹಾಕಿದ್ದ ಸುಮಾರು 50,000 ಸಾಮಾನುಗಳನ್ನು ನೋಡಿದರು. ಶೇ. 92ರಷ್ಟರಲ್ಲಿ, ಅದೇ ಅಂಗಡಿಯ ಮಾಮೂಲಿ ಬೆಲೆಗಿಂತ ನಿಜಕ್ಕೂ ಕಡಿಮೆ ಇತ್ತು. ಹಾಗಾಗಿ ಎಲ್ಲವೂ ಮೋಸ ಅನ್ನಲು ಬರುವುದಿಲ್ಲ. ಆದರೆ "ಅದೇ ಅಂಗಡಿಯ" ಅನ್ನುವ ಮಾತನ್ನು ಗಮನಿಸಿ. ಪಕ್ಕದ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆಗೆ ಸಿಗಬಹುದು, ಬೆಲೆ ಹೋಲಿಸಿ ನೋಡಿ ಅಂತ ಆ ಸಂಸ್ಥೆಯೂ ಹೇಳಿತು.

ಪಾಯಿಂಟಿಗೂ ಮೆಂಬರ್ ಬೆಲೆಗೂ ಅಜಗಜಾಂತರ. ಪಾಯಿಂಟ್ ನಾಳೆಯ ಮಾತು, ಅದೂ ಚಿಲ್ಲರೆ. ಮೆಂಬರ್ ಬೆಲೆ ಇವತ್ತೇ ಬಿಲ್ಲಿನಲ್ಲಿ ಇಳಿಯುತ್ತದೆ. ಕಾರ್ಡ್ ಮಾಡಿಸುವುದಾದರೆ ಇದಕ್ಕೋಸ್ಕರ ಮಾಡಿಸಿ.

ಆಫರ್ ಬೋರ್ಡ್ ಓದುವುದನ್ನೂ ಕಲಿಯಬೇಕು. ಒಂದು ಕೊಂಡರೆ ಒಂದು ಉಚಿತ ಅಂದರೆ ಅರ್ಧ ಬೆಲೆ, ಸರಿ. ಎರಡು ಕೊಂಡರೆ ಒಂದು ಉಚಿತ ಅಂದರೆ ಮೂರನೇ ಒಂದು ಭಾಗ ಮಾತ್ರ ಉಳಿತಾಯ. "ಶೇ. 20 ಹೆಚ್ಚು" ಅಂತ ಪ್ಯಾಕೆಟ್ ಮೇಲೆ ಇದ್ದರೆ ಬೆಲೆ ಶೇ. 20 ಕಡಿಮೆ ಆಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕ ಹಾಕಿದರೆ ಶೇ. 17ರ ಆಸುಪಾಸು ಬರುತ್ತದೆ. "ಶೇ. 50, ಅದರ ಮೇಲೆ ಮತ್ತೆ ಶೇ. 20" ಅನ್ನುವುದು ಶೇ. 70 ಅಲ್ಲ, ಶೇ. 60. ಎರಡನೆಯ ರಿಯಾಯಿತಿ ಉಳಿದ ಅರ್ಧದ ಮೇಲಷ್ಟೇ.

ನನ್ನ ಹತ್ತಿರ ಒಂದು ಅಂಗೈಯಗಲದ ನೋಟ್‌ಬುಕ್ ಇದೆ. ಪದೇ ಪದೇ ಕೊಳ್ಳುವ 15 ಸಾಮಾನಿನ ಹೆಸರು, ಪಕ್ಕದಲ್ಲಿ ಒಂದು ಕೆಜಿಗೆ ಅಥವಾ ಒಂದು ಲೀಟರಿಗೆ ಎಷ್ಟು ಬೀಳುತ್ತದೆ ಅನ್ನುವುದು. ಬಟ್ಟೆ ಒಗೆಯುವ ಪುಡಿಯ ಸಾಲಿನಲ್ಲಿ ಹೊಡೆದುಹಾಕಿ ಬರೆದು, ಮತ್ತೆ ಹೊಡೆದುಹಾಕಿ ಬರೆದು ಜಾಗವೇ ಉಳಿದಿಲ್ಲ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತ ನಂಬಿದ್ದೆ. ಆ ಸಾಲು ನೋಡಿದ ಮೇಲೆ ಆ ನಂಬಿಕೆ ಹೋಯಿತು. ಆಫರ್ ಇದ್ದಾಗ ಮಧ್ಯದ ಪ್ಯಾಕೇ ಎಷ್ಟೋ ಸಲ ಕಡಿಮೆಗೆ ಬಿದ್ದಿದೆ.

ಪ್ರಶ್ನೆ: ಬಿಲ್ ಇನ್ನು ಸ್ವಲ್ಪ ಜಾಸ್ತಿ ಆದರೆ ಕೂಪನ್ ಸಿಗುತ್ತೆ ಅಂತಾರೆ. ಪ್ರತಿ ಸಲ ಏನೋ ಒಂದು ಸೇರಿಸಿಬಿಡುತ್ತೇನೆ. ತಪ್ಪಾ ಮೇಡಂ?

ತಪ್ಪು ನಿಮ್ಮದೊಬ್ಬರದೇ ಅಲ್ಲ. ಹಾಗೆ ಹೇಳುತ್ತಿದ್ದವರಲ್ಲಿ ನಾನೂ ಒಬ್ಬಳು.

ಕೌಂಟರಿನ ಈಚೆಯಿಂದ ಕಂಡಿದ್ದನ್ನು ಹೇಳುತ್ತೇನೆ. ಬಿಲ್ ಮೊತ್ತ ಕೂಪನ್ ಗೆರೆಗೆ ಹತ್ತಿರ ಬಂದರೆ ಸ್ಕ್ರೀನಿನ ಮೂಲೆಯಲ್ಲಿ ಹಳದಿ ಪಟ್ಟಿ ಬರುತ್ತಿತ್ತು. ಅದು ಬಂದರೆ ನಾವು ಹೇಳಲೇಬೇಕು. ಒಂದು ಸಂಜೆ ವಯಸ್ಸಾದ ಹೆಂಗಸೊಬ್ಬರು ಕೈಯಲ್ಲಿ ಚೀಟಿ ಹಿಡಿದು ಬಂದಿದ್ದರು. ಚೀಟಿಯಲ್ಲಿ ಇದ್ದಷ್ಟೇ ಸಾಮಾನು, ಒಂದೊಂದಕ್ಕೂ ಪೆನ್ಸಿಲಿನ ಗುರುತು. ಪಟ್ಟಿ ಬಂತು, ನಾನು ಹೇಳಿದೆ. ಅವರು ಚೀಟಿ ನೋಡಿದರು, ಹಿಂದೆ ಇದ್ದ ಸಾಲು ನೋಡಿದರು. ಗಡಿಬಿಡಿಯಲ್ಲಿ ಪಕ್ಕದ ಸ್ಟ್ಯಾಂಡಿಗೆ ಕೈ ಹಾಕಿ ಕೈಗೆ ಸಿಕ್ಕ ಟೂತ್‌ಬ್ರಷ್ ಕಟ್ಟು ತೆಗೆದುಕೊಟ್ಟರು. ಆರು ಬ್ರಷ್ ಇದ್ದ ಕಟ್ಟು. ಪರ್ಸಿನ ಒಳಖಾನೆಯಿಂದ ನೋಟು ತೆಗೆದು ಎರಡು ಸಲ ಎಣಿಸಿ ಕೊಟ್ಟರು. "ಮನೇಲಿ ನಾನೊಬ್ಬಳೇ ಇರೋದಮ್ಮ" ಅಂದರು, ಕೂಪನ್ ಮಡಚಿ ಇಟ್ಟುಕೊಳ್ಳುತ್ತಾ. ಆ ದಿನ ಮನೆಗೆ ಹೋದ ಮೇಲೂ ನನಗೆ ಸಮಾಧಾನವಿರಲಿಲ್ಲ. ಇವತ್ತಿಗೂ ಇಲ್ಲ.

ಗೆರೆ ಹತ್ತಿರ ಬಂದಷ್ಟೂ ಮನಸ್ಸು ಎಳೆಯುತ್ತದೆ. ಜೋಸೆಫ್ ನೂನ್ಸ್, ಕ್ಸೇವಿಯರ್ ಡ್ರೆಜ್ ಎಂಬ ಇಬ್ಬರು ಸಂಶೋಧಕರು ಕಾರು ತೊಳೆಯುವ ಕಡೆ 300 ಜನರಿಗೆ ಕಾರ್ಡ್ ಹಂಚಿದರು. ಒಂದು ಸಲ ತೊಳೆಸಿದರೆ ಒಂದು ಮುದ್ರೆ, ಕಾರ್ಡ್ ತುಂಬಿದರೆ ಒಂದು ಸಲ ಉಚಿತ. ಅರ್ಧ ಜನರ ಕಾರ್ಡಿನಲ್ಲಿ 8 ಖಾಲಿ ಮನೆ. ಇನ್ನರ್ಧ ಜನರದ್ದರಲ್ಲಿ 10 ಮನೆ, ಅದರಲ್ಲಿ 2ಕ್ಕೆ ಮೊದಲೇ ಮುದ್ರೆ ಒತ್ತಿತ್ತು. ಎರಡೂ ಗುಂಪಿನವರು ತುಂಬಬೇಕಾದದ್ದು ಎಂಟೇ. ಆದರೂ ಮೊದಲ ಗುಂಪಿನಲ್ಲಿ ಕಾರ್ಡ್ ತುಂಬಿಸಿದವರು ಶೇ. 19, ಎರಡನೆಯದರಲ್ಲಿ ಶೇ. 34. ಇದು 2006ರಲ್ಲಿ ಪ್ರಕಟವಾಯಿತು. ಆಗಲೇ ಶುರು ಮಾಡಿದ್ದೇವೆ ಅನ್ನುವ ಭಾವನೆ ಒಂದೇ ಸಾಕು, ನಾವು ಬಿಡುವುದಿಲ್ಲ. ನೀವು ಏನೋ ಒಂದು ಸೇರಿಸಿಬಿಡುವುದೂ ಹೀಗೇ. ಅದಕ್ಕೆ ನಾಚಿಕೊಳ್ಳಬೇಡಿ.

ಮಾಡಬಹುದಾದ್ದು ಇಷ್ಟು. ಚೀಟಿಯ ಕೊನೆಯಲ್ಲಿ ಎರಡು ಸಾಮಾನು ಬೇರೆ ಬರೆದಿಡಿ, ಮುಂದಿನ ತಿಂಗಳು ಹೇಗೂ ಬೇಕಾಗುವಂಥದ್ದು, ಕೆಡದೇ ಇರುವಂಥದ್ದು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಇಂಥವು. ಗೆರೆ ದಾಟಬೇಕು ಅನಿಸಿದರೆ ಅದನ್ನೇ ಸೇರಿಸಿ. ಆ ಎರಡೂ ಮನೆಯಲ್ಲಿದ್ದರೆ, ಕೂಪನ್ ಬೇಡ ಅಂತ ಹೇಳಿ. ಕೌಂಟರಿನಲ್ಲಿರುವವರಿಗೆ ಇದರಿಂದ ಬೇಸರವಾಗುವುದಿಲ್ಲ, ನನ್ನ ಮಾತು ನಂಬಿ.

ಪ್ರಶ್ನೆ: ನನ್ನ ತಾಯಿಗೆ 74. ಸ್ಮಾರ್ಟ್‌ಫೋನ್ ಬಳಸುವುದಿಲ್ಲ. ಆಪ್ ಇಲ್ಲ ಅಂತ ಅವರಿಗೆ ಅದೇ ಸಾಮಾನನ್ನು ಜಾಸ್ತಿ ಬೆಲೆಗೆ ಕೊಡುತ್ತಾರೆ. ಇದು ಸರಿಯಾ?

ಸರಿಯಲ್ಲ. ಈ ಪತ್ರ ಓದಿ ನನಗೆ ಸಿಟ್ಟು ಬಂತು. ಹಣ ಎಣಿಸಿ ಖರ್ಚು ಮಾಡುವ ವಯಸ್ಸಿನಲ್ಲಿ ಅವರೇ ಜಾಸ್ತಿ ಕೊಡಬೇಕಾದರೆ ರಿಯಾಯಿತಿ ಯಾರಿಗೆ? ಮೇಲೆ ಹೇಳಿದ ಬ್ರಿಟನ್ನಿನ ಸಂಸ್ಥೆಯೂ, ವಯಸ್ಸಾದವರು ಮತ್ತು ಸ್ಮಾರ್ಟ್‌ಫೋನ್ ಇಲ್ಲದವರು ಇಂಥ ಯೋಜನೆ ಸೇರಲು ಅಂಗಡಿಗಳು ಇನ್ನಷ್ಟು ಅನುಕೂಲ ಮಾಡಬೇಕು ಅಂತ ಹೇಳಿದೆ.

ಸದ್ಯಕ್ಕೆ ನೀವು ಅಂಗಡಿಯಲ್ಲಿ ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಾರಾ, ಇಲ್ಲ ಬರೀ ಮೊಬೈಲ್ ನಂಬರ್ ಹೇಳಿದರೆ ಸಾಕಾ ಅಂತ ಕೇಳಿ. ಮನೆಮಂದಿಯೆಲ್ಲ ಒಂದೇ ಮೆಂಬರ್ ನಂಬರ್ ಬಳಸಲು ಬಿಡುತ್ತಾರಾ ಅಂತಲೂ ಕೇಳಿ. ಒಪ್ಪಿದರೆ ನಿಮ್ಮ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಒಪ್ಪದಿದ್ದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಬಾಯಲ್ಲಿ ಹೇಳಿದ್ದು ಕೌಂಟರಿನಲ್ಲೇ ಉಳಿಯುತ್ತದೆ.

ಪ್ರಶ್ನೆ: ಫೋನ್ ನಂಬರ್ ಕೊಟ್ಟರೆ ಅವರಿಗೇನು ಲಾಭ?

ನೀವು ಏನು ಕೊಳ್ಳುತ್ತೀರಿ, ಯಾವಾಗ ಕೊಳ್ಳುತ್ತೀರಿ ಅನ್ನುವುದು ಗೊತ್ತಾಗುತ್ತದೆ. ಬ್ರಿಟನ್ನಿನ ಟೆಸ್ಕೋ ಸೂಪರ್‌ಮಾರ್ಕೆಟ್ 1995ರಲ್ಲಿ ಕ್ಲಬ್‌ಕಾರ್ಡ್ ಅನ್ನುವ ತನ್ನ ಮೆಂಬರ್ ಕಾರ್ಡ್ ತಂದಾಗ ಆ ಲೆಕ್ಕವನ್ನು ಅರ್ಥ ಮಾಡಿಸಿದ್ದು ಎಡ್ವಿನಾ ಡನ್, ಕ್ಲೈವ್ ಹಂಬಿ ಎಂಬ ದಂಪತಿ. ಯಾರಿಗೆ ಯಾವ ಕೂಪನ್ ಕಳಿಸಬೇಕು ಅನ್ನುವುದು ಇಂಥ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ರಿಯಾಯಿತಿಗೆ ಬದಲಾಗಿ ನೀವು ಈ ಮಾಹಿತಿ ಕೊಡುತ್ತಿದ್ದೀರಿ. ಒಪ್ಪಿಗೆ ಇದ್ದರೆ ಕೊಡಿ. ಹುಟ್ಟಿದ ದಿನ, ಮನೆಯಲ್ಲಿ ಎಷ್ಟು ಜನ, ಮಕ್ಕಳ ವಯಸ್ಸು ಇವನ್ನೆಲ್ಲ ತುಂಬುವ ಅಗತ್ಯ ನನಗೆ ಕಾಣುವುದಿಲ್ಲ. ನಾನು ಖಾಲಿ ಬಿಡುತ್ತೇನೆ.

ಪ್ರಶ್ನೆ: "ನಿಮ್ಮ ಪಾಯಿಂಟ್ ಇನ್ನು ಮೂರು ದಿನದಲ್ಲಿ ರದ್ದಾಗುತ್ತದೆ" ಅಂತ ಮೆಸೇಜ್ ಬಂದಿದೆ. ಹೋಗಿ ಏನಾದರೂ ತರಲಾ?

"ಏನಾದರೂ" ಅಂತ ಬರೆದಿದ್ದೀರಲ್ಲ, ಅಲ್ಲೇ ನಿಲ್ಲಿ. ಮನೆಯಲ್ಲಿ ಏನು ಮುಗಿದಿದೆ ಅಂತ ಕಪಾಟು ತೆಗೆದು ನೋಡಿ. ಮುಗಿದಿದ್ದರೆ ಹೋಗಿ, ಆ ಪಾಯಿಂಟಿನಲ್ಲಿ ಎಷ್ಟು ಬರುತ್ತದೋ ಅಷ್ಟನ್ನೇ ತನ್ನಿ. ಏನೂ ಮುಗಿದಿಲ್ಲ ಅಂದರೆ ಪಾಯಿಂಟ್ ಹೋಗಲಿ. ನಿಮ್ಮ ಪತ್ರ ನನ್ನ ಕೈಗೆ ಬಂದು, ಈ ಉತ್ತರ ಅಚ್ಚಾಗುವ ಹೊತ್ತಿಗೆ ಆ ಮೂರು ದಿನ ಕಳೆದುಹೋಗಿರುತ್ತದೆ. ಏನು ಮಾಡಿದಿರಿ ಅಂತ ಬರೆದು ತಿಳಿಸಿ.